ಅರವಟ್ಟಿಗೆ ಅಮ್ಮನವರು ಒಪ್ಪಿಕೊಂಡ ಸುಳ್ಳು

ಸೋಮನಕಟ್ಟೆಯ ದೊಡ್ಡಕೆರೆಯ ಏರಿಯ ಕೆಳಗೆ, ಬಸ್ಸು ನಿಲ್ಲುವ ಆಲದ ಮರಕ್ಕೂ ಊರಿಗೂ ನಡುವೆ, ಒಂದು ಹಳೆಯ ಅರವಟ್ಟಿಗೆ ಇತ್ತು. ದಾರಿಹೋಕರಿಗೆ ನೀರು, ಮಜ್ಜಿಗೆ ಕೊಡಲೆಂದು ಯಾವ ಕಾಲದಲ್ಲೋ ಯಾರೋ ಪುಣ್ಯವಂತರು ಕಟ್ಟಿಸಿದ ಎರಡಂಕಣದ ಹೆಂಚಿನ ಮನೆ ಅದು. ಮುಂದೆ ಕಲ್ಲಿನ ಜಗಲಿ, ಒಳಗೆ ಸಾಲಾಗಿ ನೀರಿನ ಗುಡಾಣಗಳು, ಹಿಂದೆ ಒಂದು ಅಡುಗೆಯ ಒಲೆ. ಪೂಜ್ಯ ಶ್ರೀ ತುಂಗಮ್ಮನವರು ತಮ್ಮ ಜೀವಿತದ ಕೊನೆಯ ಮೂವತ್ತು ವರ್ಷಗಳನ್ನು ಈ ಮನೆಯಲ್ಲಿಯೇ ಕಳೆದರು. ಅವರು ಅಲ್ಲಿ ಪೀಠ ಹಾಕಿಕೊಂಡು ಕೂತವರಲ್ಲ. ಬಂದವರಿಗೆ ನೀರು ಕೊಟ್ಟರು, ಹಸಿದವರಿಗೆ ಗಂಜಿ ಹಾಕಿದರು, ಉಳಿದ ಹೊತ್ತಿನಲ್ಲಿ ಬತ್ತಿ ಹೊಸೆದರು. ಭಕ್ತರಾದ ನಾವು ಅವರನ್ನು ಅಮ್ಮನವರು ಎನ್ನುತ್ತಿದ್ದೆವು. ಊರಿನವರ ಬಾಯಲ್ಲಿ ಅವರು ಅರವಟ್ಟಿಗೆ ಅಮ್ಮ.

ಹನ್ನೊಂದನೆಯ ವಯಸ್ಸಿನಲ್ಲಿ ಅವರಿಗೆ ವೈಧವ್ಯ ಬಂದಿತ್ತು. ಅತ್ತೆಮನೆಯವರು ತವರಿಗೆ ಕಳಿಸಿದರಂತೆ, ತವರಿನವರು ಅತ್ತೆಮನೆಗೆ ಕಳಿಸಿದರಂತೆ. ಆಮೇಲೆ ಎಲ್ಲೆಲ್ಲಿ ಇದ್ದರು, ಯಾರ ಬಳಿ ಉಪದೇಶ ಪಡೆದರು ಎಂಬುದನ್ನು ಅವರು ಯಾರಿಗೂ ಹೇಳಲಿಲ್ಲ. ಕೇಳಿದವರಿಗೆ ಒಂದು ಲೋಟ ಮಜ್ಜಿಗೆ ಕೊಟ್ಟು ಮಾತು ಮುಗಿಸುತ್ತಿದ್ದರು. ಪವಾಡಗಳನ್ನು ಹುಡುಕಿಕೊಂಡು ಈ ಬರಹಕ್ಕೆ ಬಂದವರಿಗೆ ನಿರಾಶೆಯಾಗುತ್ತದೆ ಎಂದು ಮೊದಲೇ ಹೇಳಿಬಿಡುತ್ತೇನೆ. ಅಮ್ಮನವರ ಕೈಯಿಂದ ವಿಭೂತಿ ಉದುರಲಿಲ್ಲ, ಬತ್ತಿದ ಕೆರೆ ತುಂಬಲಿಲ್ಲ. ಅವರು ಒಮ್ಮೆ ಒಂದು ಸುಳ್ಳನ್ನು ಒಪ್ಪಿಕೊಂಡರು, ಅಷ್ಟೇ. ಅದನ್ನು ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ವರ್ಷದಲ್ಲಿ ಒಂದೇ ದಿನ ಆ ಮನೆಯಲ್ಲಿ ಹಬ್ಬ. ಭಾದ್ರಪದ ಶುದ್ಧ ತದಿಗೆ, ಗೌರಿ ಹಬ್ಬ. ಬೆಳಗ್ಗೆ ಸ್ನಾನ ಮುಗಿಸಿ ಅಮ್ಮನವರು ಕೆರೆಗೆ ಹೋಗಿ ಒಂದು ಹಿಡಿ ಜೇಡಿಮಣ್ಣು ತರುತ್ತಿದ್ದರು. ಅದರಲ್ಲಿ ಗೇಣುದ್ದದ ಗೌರಿಯನ್ನು ತಾವೇ ಮಾಡಿ, ಅರಿಶಿನ ಬಳಿದು, ಅಕ್ಕಿ ಹರಡಿದ ಮೊರದ ಮೇಲೆ ಕೂರಿಸುತ್ತಿದ್ದರು. ಗೌರಿ ಹಬ್ಬವೆಂದರೆ ಮಗಳು ತವರಿಗೆ ಬರುವ ಹಬ್ಬ. ಕೈಲಾಸದ ಗಂಡನ ಮನೆಯಿಂದ ತಾಯಿ ಗೌರಿ ಒಂದು ದಿನದ ಮಟ್ಟಿಗೆ ಭೂಮಿಗೆ ಬರುತ್ತಾಳೆ, ಮರುದಿನ ಮಗ ಗಣಪತಿ ಕರೆದೊಯ್ಯಲು ಬರುತ್ತಾನೆ. ಅದಕ್ಕೇ ಆ ದಿನ ಮದುವೆಯಾದ ಹೆಣ್ಣುಮಕ್ಕಳೆಲ್ಲ ತವರಿನ ಬಾಗಿನಕ್ಕೆ ಕಾಯುತ್ತಾರೆ. ಹೊಸ ಮೊರದಲ್ಲಿ ಅಕ್ಕಿ, ಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಳೆ, ಕನ್ನಡಿಗಳನ್ನಿಟ್ಟು, ಮೇಲೆ ಇನ್ನೊಂದು ಮೊರ ಮುಚ್ಚಿ, ಸೆರಗಿನಲ್ಲಿ ಹಿಡಿದು ಕೊಡುವ ಬಾಗಿನ. ಅದರಲ್ಲಿರುವ ಪದಾರ್ಥ ಯಾವ ಅಂಗಡಿಯಲ್ಲಾದರೂ ಸಿಗುತ್ತದೆ. ತವರಿನಿಂದ ಬಂತು ಎಂಬುದು ಮಾತ್ರ ಸಿಗುವುದಿಲ್ಲ.

ಆ ದಿನ ಅರವಟ್ಟಿಗೆಗೆ ಬರುತ್ತಿದ್ದವರು ತವರಿಲ್ಲದ ಹೆಂಗಸರು. ಕೆಲವರ ತಂದೆತಾಯಿ ತೀರಿಕೊಂಡಿದ್ದರು, ಕೆಲವರಿಗೆ ಅಣ್ಣತಮ್ಮಂದಿರು ಬಾಗಿಲು ಹಾಕಿದ್ದರು. ಇನ್ನು ಕೆಲವರ ಕಥೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಅಮ್ಮನವರು ಯಾರನ್ನೂ ಯಾವ ಊರು, ಯಾವ ಕುಲ, ಯಾಕೆ ಬಂದೆ ಎಂದು ಕೇಳುತ್ತಿರಲಿಲ್ಲ. ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುತ್ತಿದ್ದರು. ಗೌರಿಯ ಮುಂದೆ ಸಾಲಾಗಿ ಬಾಗಿನಗಳಿರುತ್ತಿದ್ದವು. ಒಬ್ಬೊಬ್ಬರೇ ಬಂದು ದೇವಿಯ ಪಾದದಿಂದ ತಾವೇ ಎತ್ತಿಕೊಳ್ಳಬೇಕು, ಆಮೇಲೆ ಅಮ್ಮನವರ ಕೈಯಡುಗೆಯ ಊಟ.

ಊರಿನವರಿಗೆ ಇದು ಸರಿಬರಲಿಲ್ಲ. ನೀರು ಕೊಡುವುದನ್ನು ಅವರು ಒಪ್ಪಿದ್ದರು. ಕೇಳದೆ ಒಳಗೆ ಬಿಡುವುದನ್ನು ಒಪ್ಪಲು ಅವರಿಂದಾಗಲಿಲ್ಲ. ಓಡಿಬಂದ ಸೊಸೆಯರಿಗೆ ಆಕೆ ಕುಮ್ಮಕ್ಕು ಕೊಡುತ್ತಾಳೆ ಎಂದರು ಕೆಲವರು. ಮನೆಮನೆಯ ಗುಟ್ಟು ತಿಳಿದುಕೊಂಡು ಏನೋ ಮಾಡುತ್ತಾಳೆ ಎಂದರು ಇನ್ನು ಕೆಲವರು. ಆ ಏನೋ ಎಂಬುದು ಏನೆಂದು ಯಾರೂ ಬಿಡಿಸಿ ಹೇಳುತ್ತಿರಲಿಲ್ಲ, ಹಾಗಾಗಿ ಅದು ದಿನದಿನಕ್ಕೂ ದೊಡ್ಡದಾಗುತ್ತಿತ್ತು. ನಾನು ಆಗ ಅಲ್ಲಿನ ಮಿಡಲ್ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ಮೊದಲ ವರ್ಷ ನಾನೂ ಮಜ್ಜಿಗೆ ಕುಡಿಯುವ ನೆಪದಲ್ಲಿ ಹೋಗಿ ಒಳಗೆ ಯಾರು ಯಾರಿದ್ದಾರೆಂದು ಇಣುಕಿ ನೋಡಿ ಬಂದವನೇ.

ಆದರೆ ಅನುಮಾನದಲ್ಲಿ ನಮ್ಮನ್ನೆಲ್ಲ ಮೀರಿಸಿದವರು ವಕೀಲ ಚಂದ್ರಮೌಳಯ್ಯನವರು. ತಾಲ್ಲೂಕು ಕೋರ್ಟಿನಲ್ಲಿ ಅವರ ಪಾಟೀಸವಾಲಿಗೆ ನಡುಗದ ಸಾಕ್ಷಿಯಿರಲಿಲ್ಲ. ಎದುರು ಕಕ್ಷಿಯ ಸಾಕ್ಷಿಯನ್ನು ಮೊದಲು ಮೆತ್ತಗೆ ಮಾತಾಡಿಸಿ, ಊಟ ತಿಂಡಿ ವಿಚಾರಿಸಿ, ಹತ್ತನೆಯ ಪ್ರಶ್ನೆಗೆ ಗಬಕ್ಕನೆ ಹಿಡಿಯುತ್ತಿದ್ದರು. ಕೋಟು ಬಿಚ್ಚಿಟ್ಟರೂ ಈ ಅಭ್ಯಾಸ ಬಿಡುತ್ತಿರಲಿಲ್ಲ. ಎದುರಿಗೇ ಕರೆದ ಹಾಲಿಗೂ ಬೆರಳು ಅದ್ದಿ ನೋಡುವರು. ಪುರೋಹಿತರು ಹೇಳಿದ ತಿಥಿಯನ್ನು ಇನ್ನೊಂದು ಪಂಚಾಂಗದಲ್ಲಿ ತಾಳೆ ಹಾಕುವರು. ಮನೆಯ ಬೆಕ್ಕು ಮೂತಿ ಒರೆಸಿಕೊಂಡರೆ ಅಡುಗೆಮನೆಗೆ ಹೋಗಿ ಪಾತ್ರೆಗಳ ಮುಚ್ಚಳ ನೋಡಿ ಬರುವರು. ಕೆಟ್ಟವರೇನಲ್ಲ. ಜಗತ್ತಿನಲ್ಲಿ ಎಲ್ಲರೂ ಏನನ್ನೋ ಮುಚ್ಚಿಡುತ್ತಾರೆ, ಅದನ್ನು ಹೊರಗೆ ತೆಗೆಯುವುದೇ ತಮ್ಮ ಕೆಲಸ ಎಂದು ನಂಬಿದ್ದರು.

ಅವರಿಗೆ ಒಬ್ಬಳೇ ಮಗಳು, ಅಂಬುಜ. ಒಂದು ಹಗಲಿನ ಪ್ರಯಾಣದಷ್ಟು ದೂರದ ಊರಿಗೆ ಕೊಟ್ಟು ಮೂರು ವರ್ಷವಾಗಿತ್ತು. ಮೊದಲ ವರ್ಷದ ಗೌರಿ ಹಬ್ಬಕ್ಕೆ ತಂದೆಯೇ ಹೋಗಿ ಕರೆತಂದಿದ್ದರು. ಎರಡನೆಯ ವರ್ಷ ಬೀಗರು ಕಳಿಸಲಿಲ್ಲ, ಬಾಗಿನ ಬಸ್ಸಿನಲ್ಲಿ ಹೋಯಿತು. ಮೂರನೆಯ ವರ್ಷ ಅತ್ತಲಿಂದ ಕಾಗದವೇ ಇಲ್ಲ. ಬಿದಿಗೆಯ ಬೆಳಗ್ಗೆ, ತಾಯಿ ಕಮಲಾಕ್ಷಮ್ಮನವರು ಹೊಸ ಮೊರಗಳಿಗೆ ಅರಿಶಿನ ಬಳಿದು ಹಿತ್ತಲಲ್ಲಿ ಒಣಗಿಸುತ್ತಿದ್ದಾಗ, ಅಂಬುಜ ಒಂದು ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ತಾಯಿಗೆ ಸಂತೋಷವಾಯಿತು, ಮೊರ ಅಲ್ಲೇ ಬಿಟ್ಟು ಓಡಿಬಂದರು. ತಂದೆಗೆ ಅನುಮಾನ ಬಂತು. ಗಂಡನ ಮನೆಯ ಹೆಣ್ಣು ಹಬ್ಬಕ್ಕೆ ಬರುವ ಕ್ರಮವೇ ಬೇರೆ. ಮೊದಲು ಕಾಗದ ಬರುತ್ತದೆ, ಕರೆದುಕೊಂಡು ಯಾರಾದರೂ ಬರುತ್ತಾರೆ, ಟ್ರಂಕು ಇರುತ್ತದೆ. ಇಲ್ಲಿ ಮೂರೂ ಇರಲಿಲ್ಲ.

ಆ ಮನೆಯಲ್ಲಿ ತಂದೆಯನ್ನು ಅಣ್ಣ ಎಂದು ಕರೆಯುವ ರೂಢಿ. ಯಾಕೆ ಬಂದೆ ಎಂದು ಕೇಳಿದ್ದಕ್ಕೆ ಅಂಬುಜ, ನೋಡಬೇಕು ಅನ್ನಿಸಿತು ಅಣ್ಣ, ಬಂದೆ ಎಂದಳು. ಗಂಡನಿಗೆ ಹೇಳಿ ಬಂದೆಯಾ ಎಂದರೆ ಸುಮ್ಮನಿದ್ದಳು. ಜಗಳವಾಯಿತೇ ಎಂದರೆ ಸುಮ್ಮನಿದ್ದಳು. ಯಾವ ಬಸ್ಸಿಗೆ ಬಂದೆ ಎಂದಾಗ, ಬೆಳಗಿನ ಬಸ್ಸಿಗೆ ಎಂದಳು. ವಕೀಲರು ಕೋಟು ಹಾಕಿಕೊಂಡು ಆಲದ ಮರದ ಬಳಿಗೆ ಹೋದರು. ಬೆಳಗಿನ ಬಸ್ಸು ಆ ದಿನ ದಾರಿಯಲ್ಲಿ ಕೆಟ್ಟು ನಿಂತು ಇನ್ನೂ ಬಂದೇ ಇರಲಿಲ್ಲ. ಅಲ್ಲಿದ್ದ ಬಸ್ ಏಜೆಂಟು ಇನ್ನೊಂದು ಮಾತೂ ಹೇಳಿದನು. ವಕೀಲರ ಮಗಳು ಹಿಂದಿನ ಸಂಜೆಯ ಬಸ್ಸಿನಲ್ಲೇ ಇಳಿದಿದ್ದಳು, ಏರಿಯ ಕೆಳಗೆ ನಡೆದುಹೋದದ್ದನ್ನು ನಾನೇ ಕಂಡೆ ಎಂದನು.

ಏರಿಯ ಕೆಳಗೆ ಇದ್ದದ್ದು ಅರವಟ್ಟಿಗೆಯೊಂದೇ. ವಕೀಲರ ಮನಸ್ಸಿನಲ್ಲಿ ಮೊಕದ್ದಮೆ ಪೂರ್ತಿ ಸಿದ್ಧವಾಗಿಬಿಟ್ಟಿತು. ಮಗಳು ಗಂಡನ ಮನೆಯಿಂದ ಹೇಳದೆ ಬಂದಿದ್ದಾಳೆ. ತವರು ಕಣ್ಣಳತೆಯಲ್ಲಿರುವಾಗ ಒಂದು ರಾತ್ರಿ ಆ ಮುದುಕಿಯ ಬಳಿ ಕಳೆದಿದ್ದಾಳೆ. ಬಂದು ಹೆತ್ತ ತಂದೆಗೆ ಸುಳ್ಳು ಹೇಳಿದ್ದಾಳೆ. ಹೇಳಿಕೊಟ್ಟವರು ಯಾರೆಂಬುದು ಸ್ಪಷ್ಟವಾಗಿದೆ.

ಆ ಸಂಜೆ ನಡುಮನೆಯಲ್ಲಿ ವಿಚಾರಣೆ ನಡೆಯಿತು. ಬಸ್ಸಿನ ಸುಳ್ಳು ಸಿಕ್ಕಿಬಿದ್ದಾಗ ಅಂಬುಜಳ ಮುಖ ಬಿಳಿಚಿಕೊಂಡಿತು. ಬಾಯಿ ಮಾತ್ರ ತೆರೆಯಲಿಲ್ಲ. ಹಬ್ಬದ ಹೊತ್ತಿನಲ್ಲಿ ಇದೆಲ್ಲ ಬೇಡ, ಕೂಸು ದಣಿದಿದೆ ಎಂದು ಕಮಲಾಕ್ಷಮ್ಮನವರು ಎರಡು ಸಲ ಹೇಳಿ ನೋಡಿದರು. ವಕೀಲರು ಕೇಳಲಿಲ್ಲ. ಕೊನೆಗೆ ಅವರು ಒಂದು ಗಡುವು ಕೊಟ್ಟರು. ನಾಳೆ ಪೂಜೆ ಮುಗಿಯುವುದರೊಳಗೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು. ಹೇಳದಿದ್ದರೆ ಮಧ್ಯಾಹ್ನದ ಬಸ್ಸಿನಲ್ಲಿ ತಾವೇ ಕರೆದುಕೊಂಡು ಹೋಗಿ ಗಂಡನ ಮನೆಗೆ ಬಿಟ್ಟುಬರುತ್ತಾರೆ. ಈ ಮಾತಿಗೆ ಅಂಬುಜ ತಲೆಯೆತ್ತಿ ತಂದೆಯ ಮುಖ ನೋಡಿದಳಂತೆ. ಆ ನೋಟವನ್ನು ಆಗ ಮೊಂಡುತನವೆಂದು ತಿಳಿದೆ ಎಂದು ವಕೀಲರು ಎಷ್ಟೋ ವರ್ಷದ ಮೇಲೆ ನನಗೆ ಹೇಳಿದರು.

ತದಿಗೆಯ ಬೆಳಗ್ಗೆ ಮನೆಯಲ್ಲಿ ಪೂಜೆ ಸಾಂಗವಾಗಿಯೇ ನಡೆಯಿತು. ಬಾಳೆಕಂದು ಕಟ್ಟಿದ ಮಂಟಪದಲ್ಲಿ ಅರಿಶಿನದ ಗೌರಿ, ಪಕ್ಕದಲ್ಲಿ ಕಳಶ. ಹದಿನಾರು ಎಳೆಯ, ಹದಿನಾರು ಗಂಟಿನ ದಾರವನ್ನು ಪೂಜಿಸಿ ತಾಯಿ ಮಗಳ ಬಲಗೈಗೆ ಕಟ್ಟಿದರು. ಕಟ್ಟುವಾಗ ಸೆರಗಿನಡಿಯ ತೋಳಿನಲ್ಲಿ ಅವರು ಏನನ್ನೋ ಕಂಡರು. ಹಬ್ಬದ ಮನೆ ಎಂದು ನಾಲಗೆ ಕಚ್ಚಿಕೊಂಡು ಗಂಟು ಬಿಗಿದರು. ಆಮೇಲೆ ದೇವಿಗೆ ಮೊದಲ ಬಾಗಿನ ಸಮರ್ಪಿಸಿ, ಎರಡನೆಯದನ್ನು ಸೆರಗಿನಲ್ಲಿ ಹಿಡಿದು ಮಗಳ ಕಡೆ ತಿರುಗಿದರು.

"ಅದನ್ನ ಕೆಳಗಿಡು," ಎಂದರು ವಕೀಲರು. "ಮೊದಲು ಉತ್ತರ. ಆಮೇಲೆ ಬಾಗಿನ."

ಗೌರಿಯ ಎದುರಿಗೆ ಈ ಮಾತಾಡಿದ ಗಂಡಸು ನಮ್ಮ ಸೀಮೆಯಲ್ಲಿ ಇನ್ನೊಬ್ಬ ಇರಲಾರ. ಕಮಲಾಕ್ಷಮ್ಮನವರ ಕೈಯಲ್ಲಿ ಮೊರ ಹಾಗೆಯೇ ನಿಂತಿತು. ಅಂಬುಜ ಎದ್ದು ದೇವಿಗೆ ನಮಸ್ಕಾರ ಮಾಡಿದಳು, ತಾಯಿಯ ಕಾಲು ಮುಟ್ಟಿದಳು, ಹಿತ್ತಲ ಬಾಗಿಲಿನಿಂದ ಹೊರಟುಹೋದಳು. ಚೀಲವನ್ನೂ ತೆಗೆದುಕೊಳ್ಳಲಿಲ್ಲ. ವಕೀಲರು ತಡೆಯಲಿಲ್ಲ. ಅಪರಾಧಿ ಎಲ್ಲಿಗೆ ಹೋಗುತ್ತಾನೆ ಎಂಬುದು ಗೊತ್ತಿದ್ದರೆ ಸ್ವಲ್ಪ ಮುಂದೆ ಬಿಟ್ಟು ಹಿಂದೆ ಹೋಗಬೇಕು, ಆಗ ಇಬ್ಬರೂ ಒಟ್ಟಿಗೆ ಸಿಗುತ್ತಾರೆ ಎಂಬುದು ಅವರ ಲೆಕ್ಕಾಚಾರ. ಒಂದು ತಾಸು ಬಿಟ್ಟು, ಪೇಟ ಸುತ್ತಿ, ಕೊಡೆ ಹಿಡಿದು ಅರವಟ್ಟಿಗೆಯ ದಾರಿ ಹಿಡಿದರು. ಹಿಂದೆ ಹೆಂಡತಿ ಬಾಗಿನವನ್ನು ಮಡಿಲಲ್ಲಿಟ್ಟುಕೊಂಡು ದೇವಿಯ ಮುಂದೆ ಅಳುತ್ತ ಕೂತದ್ದನ್ನು ಅವರು ಕಂಡಿದ್ದರು. ಅದಕ್ಕೂ ಮುದುಕಿಯೇ ಹೊಣೆ ಎಂದು ಮನಸ್ಸಿನಲ್ಲಿ ಬರೆದುಕೊಂಡರು.

ಅರವಟ್ಟಿಗೆಯ ಜಗಲಿಯ ಮೇಲೆ ಆ ದಿನ ನಾನಿದ್ದೆ. ಅಷ್ಟು ಹೊತ್ತಿಗೆ ನನ್ನ ಇಣುಕು ಬುದ್ಧಿ ಬಿಟ್ಟುಹೋಗಿ, ಹಬ್ಬದ ದಿನ ನೀರು ಸೇದಿಕೊಡುವ ಕೆಲಸಕ್ಕೆ ಸೇರಿದ್ದೆ. ವಕೀಲರು ಬಂದು ಚಪ್ಪಲಿ ಬಿಡದೆ ನಿಂತರು. ಒಳಗೆ ಗೌರಿಯ ಮುಂದೆ ಸುಮಾರು ಇಪ್ಪತ್ತು ಹೆಂಗಸರು ಕೂತಿದ್ದರು. ಸಂತೆಯಲ್ಲಿ ಹೂ ಮಾರುವವಳು, ಮಗ್ಗದ ಕೇರಿಯ ಇಬ್ಬರು ವಿಧವೆಯರು, ಕಂಕುಳಲ್ಲಿ ಕೂಸಿದ್ದ ಒಬ್ಬ ಹುಡುಗಿ. ಕೊನೆಯಲ್ಲಿ, ಗೋಡೆಗೆ ಒರಗಿ ಅಂಬುಜ. ವಕೀಲರು ಒಬ್ಬೊಬ್ಬರನ್ನೂ ಅಳೆದು ನೋಡಿದರು. ಮಗಳ ಮೇಲೆ ಕಣ್ಣು ಬಿದ್ದಾಗ, ಇದು ತಮಗೆ ಮೊದಲೇ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು.

ಅಮ್ಮನವರು ಒಲೆಯ ಬಳಿಯಿಂದ ಕೈ ಒರೆಸಿಕೊಳ್ಳುತ್ತ ಬಂದರು. ಕೆಂಪು ಸೀರೆ, ಬೋಳು ತಲೆಯ ಮೇಲೆ ಎಳೆದುಕೊಂಡ ಸೆರಗು. ಬಿಸಿಲಲ್ಲಿ ಬಂದಿದ್ದೀರಿ, ಮಜ್ಜಿಗೆ ತೆಗೆದುಕೊಳ್ಳಿ ಎಂದರು. ವಕೀಲರು ಬೇಡವೆಂದರು. ಕೋರ್ಟಿನಲ್ಲಿ ಮಾಡುವಂತೆಯೇ ಕೈ ಹಿಂದೆ ಕಟ್ಟಿಕೊಂಡು ಮೆತ್ತಗೆ ಆರಂಭಿಸಿದರು. ಗೌರಿ ಪೂಜೆ ಮುತ್ತೈದೆಯರ ವ್ರತ ಎಂದು ತಾವು ಕೇಳಿರುವುದಾಗಿಯೂ, ತಲೆಗೂದಲು ತೆಗೆಸಿದವರು ಅದನ್ನು ಮಾಡಬಹುದೆಂದು ಯಾವ ಶಾಸ್ತ್ರದಲ್ಲಿದೆ ಎಂದು ತಿಳಿಯಬಯಸುವುದಾಗಿಯೂ ಹೇಳಿದರು.

"ಪೂಜೆ ನಾನು ಮಾಡೋದಿಲ್ಲಪ್ಪ," ಎಂದರು ಅಮ್ಮನವರು. "ಮಗಳು ಮನೆಗೆ ಬರ್ತಾಳೆ. ಅಡುಗೆ ಮಾಡಿ ಹಾಕ್ತೀನಿ."

ವಕೀಲರಿಗೆ ಈ ಉತ್ತರ ಹಿಡಿಸಲಿಲ್ಲ. ಹಿಡಿಯಲು ಅದರಲ್ಲಿ ಏನೂ ಸಿಗಲಿಲ್ಲ ಎನ್ನುವುದು ಹೆಚ್ಚು ಸರಿ. ಇಲ್ಲಿ ಕೂತವರ ಹೆಸರೇನು ಎಂದರು. ಕೇಳಿಲ್ಲ ಎಂದರು ಅಮ್ಮನವರು. ಯಾರ ಮನೆಯವರು, ಯಾಕೆ ಬಂದರು ಎಂದರು. ಕೇಳಿಲ್ಲ ಎಂದೇ ಉತ್ತರ. ಕೇಳದೆ ಅನ್ನ ಹಾಕುವವರ ಉದ್ದೇಶದ ಬಗ್ಗೆ ಯಾರಿಗಾದರೂ ಸಂಶಯ ಬಂದರೆ ಅದು ತಪ್ಪೇ ಎಂದು ಕೇಳಿದಾಗ, ಅಮ್ಮನವರು ಸ್ವಲ್ಪ ಯೋಚಿಸಿ, ತಪ್ಪೇನಿಲ್ಲ ಎಂದರು. ಸಾಲಿನಲ್ಲಿ ಕೂತಿದ್ದ ಹೂವಿನವಳು ಸೆರಗು ಬಾಯಿಗೆ ಅಡ್ಡ ಹಿಡಿದಳು. ವಕೀಲರ ಕಿವಿ ಕೆಂಪಾಯಿತು. ಇನ್ನು ಮೆತ್ತನೆಯ ಮಾತು ಸಾಕೆಂದು ನೇರವಾಗಿ ವಿಷಯಕ್ಕೆ ಬಂದರು.

"ಮೊನ್ನೆ ಸಂಜೆ ನನ್ನ ಮಗಳು ಇಲ್ಲಿಗೆ ಬಂದಳೋ ಇಲ್ಲವೋ?"

"ಬಂದಳು."

"ನೆನ್ನೆ ಬೆಳಗ್ಗೆವರೆಗೂ ಇಲ್ಲೇ ಇದ್ದಳು?"

"ಇದ್ದಳು. ನಾನೇ ಮನೆಗೆ ಕಳಿಸಿದೆ."

"ಕಳಿಸುವಾಗ ಅವಳಿಗೆ ಏನೋ ಹೇಳಿಕೊಟ್ಟು ಕಳಿಸಿದ್ದೀರಿ. ಏನದು?"

ಅಮ್ಮನವರು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಆ ಒಂದೇ ಸಲ.

"ಒಂದು ಸುಳ್ಳು," ಎಂದರು.

ಸತ್ಯವನ್ನೇ ಹೇಳುತ್ತೇನೆ, ಆ ಗಳಿಗೆಯಲ್ಲಿ ನನ್ನ ಹಳೆಯ ಅನುಮಾನವೆಲ್ಲ ಮತ್ತೆ ಎದ್ದು ನಿಂತಿತು. ಇಷ್ಟು ವರ್ಷ ನಂಬಿ ಮೋಸಹೋದೆನೇ ಎಂದುಕೊಂಡೆ. ವಕೀಲರು ಗೆದ್ದ ಮುಖದಿಂದ ಒಮ್ಮೆ ನನ್ನ ಕಡೆಗೂ ಒಮ್ಮೆ ಹೆಂಗಸರ ಕಡೆಗೂ ತಿರುಗಿ ನೋಡಿದರು. ಎಲ್ಲರೂ ಕೇಳಿಸಿಕೊಂಡಿರಾ ಎನ್ನುವ ಹಾಗೆ. ಆ ಸುಳ್ಳು ಏನೆಂಬುದನ್ನು ಎಲ್ಲರ ಎದುರಿಗೆ ಹೇಳಬೇಕೆಂದು ಅಪ್ಪಣೆ ಕೊಡಿಸಿದರು.

ಅಮ್ಮನವರು ಹೇಳಿದರು: "ಮನೆಗೆ ಹೋಗೋಕೆ ಭಯ ಅಂದಳು. ಯಾಕೆ ಬಂದೆ ಅಂತ ಕೇಳಿದರೆ ಏನು ಹೇಳಲಿ ಅಂದಳು. ಹುಚ್ಚಿ, ಗೌರಿ ಹಬ್ಬದ ಹೊತ್ತಿಗೆ ಬಂದ ಮಗಳನ್ನ ಯಾಕೆ ಬಂದೆ ಅಂತ ಯಾರೂ ಕೇಳೋದಿಲ್ಲ, ಧೈರ್ಯವಾಗಿ ಹೋಗು ಅಂದೆ. ನಂಬಿಕೊಂಡು ಹೋದಳು."

ಇಷ್ಟು ಹೇಳಿ ಅವರು ವಕೀಲರನ್ನು ಅಲ್ಲಿಯೇ ಬಿಟ್ಟು ಒಳಗೆ ನಡೆದರು. ಸಾಲಿನ ಕೊನೆಗೆ ಹೋಗಿ, ಮಂಡಿಯೂರಿ, ಅಂಬುಜಳ ಮುಂದೆ ಎರಡೂ ಕೈ ಜೋಡಿಸಿದರು. ಎಪ್ಪತ್ತು ದಾಟಿದ ತಪಸ್ವಿನಿ, ಇಪ್ಪತ್ತೆರಡು ವರ್ಷದ ಹುಡುಗಿಗೆ.

"ತಪ್ಪಾಯಿತು ಮಗಳೇ. ಗೊತ್ತಿಲ್ಲದೆ ಸುಳ್ಳು ಹೇಳಿ ಕಳಿಸಿಬಿಟ್ಟೆ."

ಅಂಬುಜ ಬಿಕ್ಕಿ ಅತ್ತಳು. ಮೂರು ದಿನದಿಂದ ಒಂದು ಹನಿ ಹಾಕದವಳು ಅಮ್ಮನವರ ಕೈ ಹಿಡಿದುಕೊಂಡು, ಹಣೆಯನ್ನು ಆ ಕೈಗಳಿಗೆ ಒತ್ತಿಕೊಂಡು ಅತ್ತಳು. ಸೆರಗು ಜಾರಿತು. ತೋಳಿನ ಮೇಲೆ ಮಾಗಿದ ಸುಟ್ಟ ಗಾಯಗಳಿದ್ದವು, ಒಂದರ ಪಕ್ಕ ಒಂದು. ಅದನ್ನು ನಾನು ಕಂಡೆ, ವಕೀಲರೂ ಕಂಡರು. ನಾನು ಮುಖ ತಿರುಗಿಸಿಕೊಂಡೆ.

ಚಂದ್ರಮೌಳಯ್ಯನವರು ಕೊಡೆಯನ್ನು ಗೋಡೆಗೆ ಒರಗಿಸಿದರು. ಆಮೇಲೆ ಚಪ್ಪಲಿ ಬಿಟ್ಟರು, ಪೇಟ ತೆಗೆದು ಜಗಲಿಯ ಮೇಲಿಟ್ಟರು. ಕಾಲಿಗೆ ನೀರು ಕೊಡಿ ಮೇಷ್ಟ್ರೇ ಎಂದು ನನ್ನನ್ನು ಕೇಳಿದರು. ಅವರ ದನಿ ನನಗೆ ಗುರುತೇ ಸಿಗಲಿಲ್ಲ. ಕಾಲು ತೊಳೆದುಕೊಂಡು ಒಳಗೆ ಹೋಗಿ, ಹೆಂಗಸರ ಸಾಲಿನ ಕೊನೆಯಲ್ಲಿ, ಮಗಳಿಂದ ಒಂದು ಮಾರು ದೂರ ನೆಲದ ಮೇಲೆ ಕೂತರು. ಏನು ಹೇಳಹೊರಟರೂ ಅದು ಪ್ರಶ್ನೆಯಾಗಿಯೇ ಬಾಯಿಗೆ ಬರುತ್ತಿತ್ತು, ಅದಕ್ಕೇ ನುಂಗಿಕೊಂಡೆ ಎಂದು ಆಮೇಲೆ ಅವರೇ ಹೇಳಿದರು. ಕೊನೆಗೆ ಇಷ್ಟು ಹೇಳಿದರು: "ಅಂಬುಜಾ, ನಿಮ್ಮಮ್ಮ ಬಾಗಿನ ಮಡಿಲಲ್ಲಿಟ್ಟುಕೊಂಡು ಕೂತಿದ್ದಾಳೆ."

ಅಂಬುಜ ತಕ್ಷಣ ಏಳಲಿಲ್ಲ. ಎದ್ದಿದ್ದರೆ ನನಗೆ ಅವಳ ಮೇಲೆ ಅಷ್ಟು ಗೌರವ ಬರುತ್ತಿರಲಿಲ್ಲ. ಕಣ್ಣೊರೆಸಿಕೊಂಡು, ಮಧ್ಯಾಹ್ನದ ಬಸ್ಸು ಹೋಯಿತೇ ಅಣ್ಣ ಎಂದು ಕೇಳಿದಳು.

"ಆ ಬಸ್ಸಿಗೆ ನಮ್ಮ ಮನೆಯಿಂದ ಯಾರೂ ಹೋಗೋದಿಲ್ಲ," ಎಂದರು ವಕೀಲರು.

ಅಮ್ಮನವರು ಯಾವ ಉಪದೇಶವನ್ನೂ ಮಾಡಲಿಲ್ಲ. ಎಲೆ ಹಾಕಿಸಿದರು. ಆ ದಿನ ಕಡಲೆಬೇಳೆ ಪಾಯಸ, ಸೌತೆಕಾಯಿ ಕೋಸಂಬರಿ, ಅನ್ನ, ಸಾರು. ಊರಿಗೆಲ್ಲ ಮಡಿ ಹೇಳುತ್ತಿದ್ದ ಚಂದ್ರಮೌಳಯ್ಯನವರು ಹೂವಿನವಳ ಪಕ್ಕದ ಎಲೆಯಲ್ಲಿ ಕೂತು, ಬಡಿಸಿದ್ದನ್ನು ಬೆರಳದ್ದಿ ನೋಡದೆ ಉಂಡರು. ಊಟವಾದ ಮೇಲೆ ತಂದೆ ಮಗಳು ಏರಿಯ ದಾರಿಯಲ್ಲಿ ಮನೆಗೆ ಹೊರಟರು. ಕೊಡೆ ಒಂದೇ ಇತ್ತು. ವಕೀಲರು ಅದನ್ನು ಮಗಳಿಗೆ ಹಿಡಿದು ತಾವು ಬಿಸಿಲಲ್ಲಿ ನಡೆಯುತ್ತಿದ್ದುದು ನನಗೆ ಬಹಳ ದೂರದವರೆಗೆ ಕಾಣಿಸಿತು. ಮನೆಯಲ್ಲಿ ಕಮಲಾಕ್ಷಮ್ಮನವರು ಮಗಳಿಗೆ ಬಾಗಿನ ಕೊಟ್ಟಾಗ ಗಂಟೆ ಮೂರಾಗಿತ್ತು. ಮುಹೂರ್ತ ಯಾವುದೆಂದು ವಕೀಲರು ಯಾವ ಪಂಚಾಂಗವನ್ನೂ ತೆರೆದು ನೋಡಲಿಲ್ಲ.

ಈ ಪ್ರಸಂಗದ ಉಳಿದ ಭಾಗ ನನಗೆ ತಿಳಿದದ್ದು ಅಮ್ಮನವರು ದೇಹ ಬಿಟ್ಟ ಮೇಲೆ. ಅಷ್ಟು ಹೊತ್ತಿಗೆ ಚಂದ್ರಮೌಳಯ್ಯನವರು ವಕೀಲಿ ಬಿಟ್ಟು, ಅರವಟ್ಟಿಗೆಯ ನೀರು ತುಂಬಿಸುವ ಕೆಲಸವನ್ನು ವಹಿಸಿಕೊಂಡು ಹನ್ನೆರಡು ವರ್ಷವಾಗಿತ್ತು. ಅಂಬುಜ ಆ ಗಂಡನ ಮನೆಗೆ ಮತ್ತೆ ಹೋಗಲಿಲ್ಲ. ಬೀಗರು ಕರೆಯಲು ಬಂದಾಗ ವಕೀಲರ ಪಾಟೀಸವಾಲು ಏನೆಂಬುದನ್ನು ಜಗಲಿಯ ಮೇಲೆ ಕೂತು ಎರಡು ಗಂಟೆ ಅನುಭವಿಸಿ, ಮತ್ತೆ ಈ ಕಡೆ ತಲೆಹಾಕಲಿಲ್ಲ. ಅವಳು ಮೈಸೂರಿನಲ್ಲಿ ಓದಿ ಉಪಾಧ್ಯಾಯಿನಿಯಾದಳು. ಹಬ್ಬಕ್ಕೆ ತಪ್ಪದೆ ಬರುತ್ತಿದ್ದಳು.

ಅರವಟ್ಟಿಗೆಯ ಜಗಲಿಯ ಮೇಲೆ ಕೂತು ಈ ಕಥೆಯನ್ನೆಲ್ಲ ಹೇಳಿದ ವಕೀಲರು, ಆ ಹಬ್ಬವಾದ ಮೇಲಿನ ದಿನಗಳ ಮಾತನ್ನು ಕೊನೆಗೆ ಇಟ್ಟುಕೊಂಡಿದ್ದರು. ಮಗಳು ಮನೆಗೆ ಬಂದ ಮೇಲೆ ಅವರು ಏನನ್ನೂ ಕೇಳಲಿಲ್ಲ. ಅದು ಸುಲಭವಾಗಿರಲಿಲ್ಲ. ಗಣಪತಿ ಹಬ್ಬ ಹೋಯಿತು, ಇನ್ನೊಂದು ವಾರ ಹೋಯಿತು. ಅವಳು ಬಳಿ ಬಂದರೆ ಸಾಕು, ನಾಲಗೆಯ 'ಯಾಕೆ' ತುಟಿಯವರೆಗೂ ಬರುತ್ತಿತ್ತು. ಆಗ ಎದ್ದು ಬಾವಿಕಟ್ಟೆಗೆ ಹೋಗಿ ಬೇಡದ ನೀರು ಸೇದಿ ಗಿಡಕ್ಕೆ ಹಾಕುತ್ತಿದ್ದರು. ಆ ವರ್ಷ ಹಿತ್ತಲಿನ ದಾಸವಾಳ ಕೊಳೆತೇ ಹೋಯಿತು ಎಂದು ನಕ್ಕರು.

ಹತ್ತನೆಯ ದಿನ ಮಧ್ಯಾಹ್ನ ಅವರು ನಡುಮನೆಯಲ್ಲಿ ಕಾಗದಪತ್ರ ನೋಡುತ್ತಿದ್ದಾಗ ಅಂಬುಜ ಬಂದು ಎದುರಿಗೆ ಕೂತು, ತಾನಾಗಿಯೇ ಹೇಳಲು ಆರಂಭಿಸಿದಳು. ಮೊದಲ ದಿನದಿಂದ, ಒಂದನ್ನೂ ಬಿಡದೆ. ಅವಳು ಹೇಳಿದ್ದನ್ನು ವಕೀಲರು ನನಗೆ ಹೇಳಲಿಲ್ಲ, ಹೇಳಿದ್ದರೂ ನಾನು ಬರೆಯುತ್ತಿರಲಿಲ್ಲ. ತೋಳಿನ ಮೇಲೆ ಕಂಡದ್ದು ಅದರಲ್ಲಿ ಸಣ್ಣ ಭಾಗ ಎಂದಷ್ಟೇ ಅವರು ಅಂದದ್ದು. ನಡುವೆ ಒಂದು ಸಲವೂ ತಡೆಯದೆ, ದಿನಾಂಕ ಕೇಳದೆ, ಸಾಕ್ಷಿ ಕೇಳದೆ, ಅವರು ಕೂತು ಕೇಳಿದರು. ಹೇಳಿ ಮುಗಿಯುವ ಹೊತ್ತಿಗೆ ಬಾಗಿಲಿನ ಬಿಸಿಲು ಹೊಸ್ತಿಲು ದಾಟಿ ಹೊರಗೆ ಹೋಗಿತ್ತು.

"ಆಗ ಒಂದೇ ಒಂದು ಪ್ರಶ್ನೆ ಕೇಳಿದೆ ಮೇಷ್ಟ್ರೇ," ಎಂದರು ಚಂದ್ರಮೌಳಯ್ಯನವರು. "ತಡೆಯೋಕಾಗಲಿಲ್ಲ. ಮೂರು ವರ್ಷ ನಂಗ್ಯಾಕಮ್ಮಾ ಹೇಳಲಿಲ್ಲ ಅಂದೆ."

ಅವರು ಅಂಗವಸ್ತ್ರದಿಂದ ಮುಖ ಮುಚ್ಚಿಕೊಂಡರು. ಆ ಬಟ್ಟೆಯ ಒಳಗಿನಿಂದಲೇ ಮಗಳ ಉತ್ತರವನ್ನು ನನಗೆ ಹೇಳಿದರು.

"ನೀವು ನಂಬ್ತೀರೋ ಇಲ್ಲವೋ ಅಂತ ಅನುಮಾನ ಇತ್ತು ಅಣ್ಣ ಅಂದಳು."